ವಿಜಯದ ನಂತರದ ಮಾತು: ಒಂದು ಯುದ್ಧಕಾದಂಬರಿಯ ಉತ್ತರಭಾಗ

೧

ಒಂದು ಕೃತಿಯ ಯಶಸ್ಸು ಅದರ ಕರ್ತೃವಿನ ಮೇಲೆ ಎರಡು ಬಗೆಯ ಋಣವನ್ನು ಹೊರಿಸುತ್ತದೆ. ಮೊದಲನೆಯದು ಓದುಗರ ಋಣ; ಮೆಚ್ಚಿದ ಅಡುಗೆಯನ್ನೇ ಮತ್ತೊಮ್ಮೆ ಬಡಿಸೆಂದು ಅವರು ಕೇಳುತ್ತಾರೆ. ಎರಡನೆಯದು ಕಥೆಯ ಋಣ. ಹೇಳದೆ ಉಳಿದುದನ್ನು ಹೇಳಿ ಮುಗಿಸೆಂದು ಅದು ಒತ್ತಾಯಿಸುತ್ತದೆ. ಉತ್ತರಕಥೆಯನ್ನು ಬರೆಯಹೊರಟವನು ಈ ಎರಡರಲ್ಲಿ ಯಾವುದನ್ನು ತೀರಿಸುತ್ತಾನೆಂಬುದರ ಮೇಲೆ ಆ ಕೃತಿಯ ಬೆಲೆ ನಿಂತಿದೆ.

ಭವಭೂತಿ ‘ಮಹಾವೀರಚರಿತ’ದಲ್ಲಿ ರಾಮನ ಪರಾಕ್ರಮವನ್ನು ಪಟ್ಟಾಭಿಷೇಕದವರೆಗೆ ನಡೆಸಿ, ‘ಉತ್ತರರಾಮಚರಿತ’ದಲ್ಲಿ ಅದೇ ರಾಮನನ್ನು ಸೀತೆಯನ್ನು ತೊರೆದು ಕೊರಗುವವನನ್ನಾಗಿ ಕಂಡನು. ಮೊದಲನೆಯದು ವೀರಕ್ಕೆ ಮೀಸಲು, ಎರಡನೆಯದು ಕರುಣಕ್ಕೆ. ನಾಯಕನೊಬ್ಬನೇ ಆದರೂ ನಡೆ ಬೇರೆ, ಮಾತಿನ ತೂಕ ಬೇರೆ. ಕನ್ನಡದಲ್ಲಿಯೂ ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಭಾಮಿನಿಯಲ್ಲಿ ಹಾಡಿ ನಿಲ್ಲಿಸಿದನು. ಯುದ್ಧಾನಂತರದ ಅಶ್ವಮೇಧದ ಕಥೆಯನ್ನು ಲಕ್ಷ್ಮೀಶನು ವಾರ್ಧಕದಲ್ಲಿ, ಬೇರೊಂದು ಮನೋಧರ್ಮದಿಂದ ಹೇಳಿದನು. ‘ಜೈಮಿನಿ ಭಾರತ’ವನ್ನು ಕುಮಾರವ್ಯಾಸನ ಕೃತಿಯ ಮುಂದುವರಿಕೆಯೆಂದು ಹೇಳುವಂತಿಲ್ಲ. ಆದರೂ ಕಾಳಗದ ಕಥೆಗೆ ಒಂದು ಧಾಟಿ, ಕಾಳಗ ಮುಗಿದ ಮೇಲಿನ ಕಥೆಗೆ ಇನ್ನೊಂದು ಧಾಟಿ ಎಂಬ ವಿವೇಕ ನಮ್ಮ ಸಾಹಿತ್ಯಕ್ಕೆ ಹೊಸದಲ್ಲವೆಂಬುದಕ್ಕೆ ಅದು ನಿದರ್ಶನವಾದೀತು.

ಇದೇ ವಿವೇಕದ ಅತ್ಯಂತ ಸ್ಪಷ್ಟವಾದ ಆಧುನಿಕ ಉದಾಹರಣೆ ದೊರೆಯುವುದು ಯಾರೂ ನಿರೀಕ್ಷಿಸದ ಒಂದೆಡೆಯಲ್ಲಿ: ಅಮೆರಿಕದ ವೈಜ್ಞಾನಿಕ ಕಾದಂಬರಿಗಳಲ್ಲಿ, ಅದರಲ್ಲಿಯೂ ಸೈನ್ಯ ಮತ್ತು ಸಮರಗಳನ್ನೇ ವಸ್ತುವಾಗಿ ಉಳ್ಳ ಅದರ ಒಂದು ಕವಲಿನಲ್ಲಿ. ಆರ್ಸನ್ ಸ್ಕಾಟ್ ಕಾರ್ಡರ ‘ಎಂಡರ್ಸ್ ಗೇಮ್’ ೧೯೮೫ರಲ್ಲಿ ಪ್ರಕಟವಾಯಿತು. ಅದರ ಉತ್ತರಭಾಗವಾದ ‘ಸ್ಪೀಕರ್ ಫಾರ್ ದಿ ಡೆಡ್’ ೧೯೮೬ರಲ್ಲಿ ಬಂದಿತು. ‘ಎಂಡರನ ಆಟ’, ‘ಸತ್ತವರ ಪರವಾಗಿ ನುಡಿಯುವವನು’ ಎಂದು ಈ ಹೆಸರುಗಳನ್ನು ಕನ್ನಡಿಸಬಹುದು. ಒಂದನ್ನು ಓದಿ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಂಡವನಿಗೆ ತಾನು ಬೇರೊಬ್ಬ ಲೇಖಕನ ಮನೆಯ ಕದವನ್ನು ತಟ್ಟಿದೆನೋ ಎಂಬ ಸಂಶಯ ಬರುವುದು ಸಹಜ. ಆ ವ್ಯತ್ಯಾಸದ ಸ್ವರೂಪವೇನು, ಅದು ಏಕೆ ಅಗತ್ಯವಾಯಿತು ಎಂಬುದು ಇಲ್ಲಿಯ ವಿಚಾರ.

೨

ಈ ಕವಲಿನ ಪೂರ್ವೋತ್ತರವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ರಾಬರ್ಟ್ ಹೈನ್‌ಲೈನರ ‘ಸ್ಟಾರ್‌ಷಿಪ್ ಟ್ರೂಪರ್ಸ್’ ೧೯೫೯ರಲ್ಲಿ ಹೊರಬಂದು, ಮರುವರ್ಷ ಹ್ಯೂಗೋ ಬಹುಮಾನವನ್ನು ಪಡೆಯಿತು. ತರುಣನೊಬ್ಬನು ಸೈನ್ಯಕ್ಕೆ ಸೇರಿ, ಕಠಿನವಾದ ಶಿಕ್ಷಣದಿಂದ ಹದಗೊಂಡು, ಕೀಟರೂಪದ ಶತ್ರುಗಳೊಡನೆ ಹೋರಾಡಿ ನಾಯಕನಾಗುವುದೇ ಅದರ ಕಥೆ. ಸೈನಿಕಧರ್ಮವನ್ನು ಪೌರಧರ್ಮದ ತಳಹದಿಯೆಂದು ಅದು ಎತ್ತಿ ಹಿಡಿಯಿತು. ಅದಕ್ಕೆ ಪ್ರತ್ಯುತ್ತರವೆಂಬಂತೆ ಅನೇಕರು ಓದಿದ ಕೃತಿ ಜೋ ಹಾಲ್ಡಮನ್ನರ ‘ದಿ ಫಾರೆವರ್ ವಾರ್’ (೧೯೭೪). ಹಾಲ್ಡಮನ್ನರು ವಿಯೆಟ್ನಾಮಿನಲ್ಲಿ ಯುದ್ಧಮಾಡಿ ಗಾಯಗೊಂಡು ಮರಳಿದವರು. ಅವರ ಸೈನಿಕನು ಬೆಳಕಿನ ವೇಗದ ಸಮೀಪದಲ್ಲಿ ಸಂಚರಿಸುವುದರಿಂದ, ಅವನಿಗೆ ಕೆಲವೇ ವರ್ಷಗಳು ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಶತಮಾನಗಳು ಉರುಳಿಹೋಗುತ್ತವೆ. ಮನೆಗೆ ಮರಳಿದವನಿಗೆ ಮನೆಯೇ ಇಲ್ಲ. ಸಾವಿರ ವರ್ಷಕ್ಕೂ ಮಿಕ್ಕು ನಡೆದ ಆ ಯುದ್ಧ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದೆಂದು ಕೊನೆಗೆ ಗೊತ್ತಾಗುತ್ತದೆ.

ಒಬ್ಬರು ಸೈನಿಕನ ಗೌರವವನ್ನು ಹೇಳಿದರು. ಇನ್ನೊಬ್ಬರು ಸೈನಿಕನ ಅನಾಥಸ್ಥಿತಿಯನ್ನು ಹೇಳಿದರು. ಇಬ್ಬರಲ್ಲಿಯೂ ಒಂದು ಸಮಾನಾಂಶ ಉಂಟು: ಕಥೆಯ ಕಣ್ಣು ಗೆದ್ದವರ ಕಡೆಯೋ ಬಳಲಿದವರ ಕಡೆಯೋ ಇರುತ್ತದೆಯೇ ಹೊರತು, ಎದುರಾಳಿ ಯಾರು, ಅವನ ಮನೆಯೆಂತಹದು ಎಂಬಲ್ಲಿಗೆ ಹೆಚ್ಚು ದೂರ ಹೋಗುವುದಿಲ್ಲ. ಕಾರ್ಡರ ಎರಡು ಕಾದಂಬರಿಗಳ ನಡುವೆ ಬಿದ್ದಿರುವ ಬಿರುಕು ನಿಖರವಾಗಿ ಈ ಸ್ಥಳದಲ್ಲಿದೆ.

೩

‘ಎಂಡರ್ಸ್ ಗೇಮ್’ ಮೊದಲು ಒಂದು ನೀಳ್ಗತೆಯಾಗಿ ೧೯೭೭ರ ಆಗಸ್ಟ್ ತಿಂಗಳ ‘ಅನಲಾಗ್’ ಪತ್ರಿಕೆಯಲ್ಲಿ ಬಂದಿತ್ತು. ಕಾದಂಬರಿಯ ರೂಪದಲ್ಲಿ ಅದರ ಕಥೆ ಹೀಗಿದೆ. ಕೀಟಸದೃಶರಾದ ಅನ್ಯಗ್ರಹವಾಸಿಗಳು ಎರಡು ಬಾರಿ ಮಾನವರ ಮೇಲೆ ದಾಳಿಮಾಡಿದ್ದಾರೆ. ಮೂರನೆಯ ಯುದ್ಧಕ್ಕೆ ಸೇನಾಪತಿಯೊಬ್ಬನು ಬೇಕು. ಎಳೆಯ ಮಕ್ಕಳನ್ನು ಆಯ್ದು, ಭೂಮಿಯಿಂದ ಮೇಲೆ ಸುತ್ತುತ್ತಿರುವ ‘ಸಮರಶಾಲೆ’ಯಲ್ಲಿ ಅವರಿಗೆ ತರಬೇತು ಕೊಡಲಾಗುತ್ತದೆ. ಆಂಡ್ರೂ ವಿಗಿನ್, ಅಂದರೆ ಎಂಡರ್, ಆರು ವರ್ಷದ ಹುಡುಗನಾಗಿ ಅಲ್ಲಿಗೆ ಹೋಗುತ್ತಾನೆ. ಎರಡಕ್ಕಿಂತ ಹೆಚ್ಚು ಮಕ್ಕಳನ್ನು ಹೆರುವುದಕ್ಕೆ ನಿರ್ಬಂಧವಿರುವ ಲೋಕದಲ್ಲಿ ಸರಕಾರವೇ ಅನುಮತಿಯಿತ್ತು ಹುಟ್ಟಿಸಿದ ಮೂರನೆಯ ಮಗು ಅವನು. ಹುಟ್ಟುವ ಮೊದಲೇ ಉಪಯೋಗಕ್ಕೆ ನಿಯತನಾದವನು.

ಈ ಕೃತಿಯ ಶೈಲಿ ಬಾಣದಂತೆ ನೇರವಾದುದು. ತೂಕವಿಲ್ಲದ ಬಯಲು ಕೋಣೆಯಲ್ಲಿ ಹುಡುಗರ ಪಡೆಗಳು ಎದುರುಬದುರಾಗುವ ಕೃತಕ ಕಾಳಗಗಳು ಒಂದರ ಬೆನ್ನಿಗೊಂದು ಬರುತ್ತವೆ. ಅಲ್ಲಿ ಮೇಲು ಕೆಳಗೆಂಬುದಿಲ್ಲ. ಶತ್ರುವಿನ ಬಾಗಿಲನ್ನೇ ‘ಕೆಳಗೆ’ ಎಂದು ಭಾವಿಸಿಕೊಂಡರೆ ಯುದ್ಧದ ದಿಕ್ಕು ತಿಳಿಯುತ್ತದೆಂದು ಎಂಡರ್ ಕಂಡುಕೊಳ್ಳುವುದು ಆ ಪುಸ್ತಕದ ಬುದ್ಧಿಚಾತುರ್ಯಕ್ಕೆ ಒಳ್ಳೆಯ ಮಾದರಿ. ವಾಕ್ಯಗಳು ಚಿಕ್ಕವು, ವರ್ಣನೆ ವಿರಳ. ಓದುಗನ ಕಣ್ಣು ಬಹುಮಟ್ಟಿಗೆ ಒಬ್ಬ ಹುಡುಗನ ಹೆಗಲ ಮೇಲೆಯೇ ಕುಳಿತಿರುತ್ತದೆ. ಪ್ರತಿಯೊಂದು ಅಧ್ಯಾಯದ ಮೊದಲಿನಲ್ಲಿ ಅವನನ್ನು ಆಡಿಸುತ್ತಿರುವ ಅಧಿಕಾರಿಗಳ ಸಂಭಾಷಣೆ ಬರುತ್ತದೆ. ಮಾತಾಡುವವರ ಮುಖ, ಕೋಣೆ, ಕುರ್ಚಿ ಏನೂ ಕಾಣದು, ಬರಿಯ ದನಿಗಳು. ಹುಡುಗನಿಗೆ ತಿಳಿಯದುದು ಓದುಗನಿಗೆ ಅಷ್ಟಿಷ್ಟು ತಿಳಿಯುತ್ತದೆ. ಓದುಗನಿಗೂ ತಿಳಿಯದುದು ಕೊನೆಗೆ ಕಾದಿರುತ್ತದೆ.

ಆ ಕೊನೆ ಪ್ರಸಿದ್ಧವಾದುದು. ಅಂತಿಮ ಪರೀಕ್ಷೆಯೆಂದು ತಿಳಿದು ಎಂಡರ್ ಯಂತ್ರದ ಮುಂದೆ ಕುಳಿತು ಆಡಿದ ಆಟ ಆಟವಾಗಿರಲಿಲ್ಲ. ದಶಕಗಳ ಹಿಂದೆಯೇ ಹೊರಟಿದ್ದ ನಿಜವಾದ ನೌಕೆಗಳು, ದೂರವೆಷ್ಟಿದ್ದರೂ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟಿಸುವ ಸಾಧನದ ಮೂಲಕ ಅವನ ಆಜ್ಞೆಗಳನ್ನು ಪಾಲಿಸುತ್ತಿದ್ದುವು. (ಆ ಸಾಧನಕ್ಕಿರುವ ‘ಆನ್ಸಿಬಲ್’ ಎಂಬ ಹೆಸರು ಅರ್ಸುಲಾ ಲೆ ಗ್ವಿನ್ನರು ೧೯೬೬ರ ತಮ್ಮ ಕಾದಂಬರಿಯೊಂದರಲ್ಲಿ ಸೃಷ್ಟಿಸಿದ್ದು.) ನಿಯಮವನ್ನು ಮುರಿದರೆ ತನ್ನನ್ನು ಶಾಲೆಯಿಂದ ಹೊರದೂಡುವರೆಂದು ಹತಾಶನಾದ ಬಾಲಕ ಶತ್ರುಗಳ ಮಾತೃಗ್ರಹವನ್ನೇ ಸ್ಫೋಟಿಸುತ್ತಾನೆ. ಸುತ್ತಲಿನ ಹಿರಿಯರು ಅಳುತ್ತ ನಗುತ್ತ ಅವನನ್ನು ಅಪ್ಪಿಕೊಳ್ಳುತ್ತಾರೆ. ಒಂದು ಜೀವಕುಲವೇ ನಾಶವಾಗಿದೆ. ನಾಶಮಾಡಿದವನಿಗೆ ಅದು ಆಮೇಲೆ ತಿಳಿಯುತ್ತದೆ.

ಮುಂದಿನ ಕೆಲವೇ ಪುಟಗಳಲ್ಲಿ ಕಾದಂಬರಿ ತನ್ನ ದನಿಯನ್ನು ಬದಲಿಸಿಕೊಳ್ಳುತ್ತದೆ. ಹೊಸ ವಸಾಹತಿನಲ್ಲಿ ಎಂಡರನಿಗೆ ಆ ಕುಲದ ಕಟ್ಟಕಡೆಯ ರಾಣಿಯ ಕೋಶವೊಂದು ದೊರೆಯುತ್ತದೆ. ಅವಳ ಮನಸ್ಸಿನಿಂದ ಅವನಿಗೆ ತಿಳಿದುಬರುವುದು ಇದು: ಒಂದೇ ಮನಸ್ಸು ಸಾವಿರ ದೇಹಗಳಲ್ಲಿ ಬಾಳುವ ಅವರಿಗೆ, ಪ್ರತಿಯೊಬ್ಬ ಮಾನವನೂ ಪ್ರತ್ಯೇಕವಾದ ಒಂದು ಮನಸ್ಸೆಂದು ಮೊದಲು ಹೊಳೆದಿರಲಿಲ್ಲ, ಹೊಳೆದ ಮೇಲೆ ಅವರು ಮತ್ತೆ ದಾಳಿಗೆ ಬರಲು ಬಯಸಿರಲಿಲ್ಲ. ಎಂಡರ್ ಅವರ ಕಥೆಯನ್ನು ಅವರ ಕಣ್ಣಿನಿಂದಲೇ ಕಂಡು ಒಂದು ಪುಟ್ಟ ಪುಸ್ತಕವಾಗಿ ಬರೆದು, ತನ್ನ ಹೆಸರನ್ನು ಹಾಕದೆ, ‘ಸತ್ತವರ ಪರವಾಗಿ ನುಡಿಯುವವನು’ ಎಂದು ಸಹಿ ಮಾಡುತ್ತಾನೆ. ಬಾಣದ ವೇಗದಿಂದ ಓಡಿಬಂದ ಓದುಗನಿಗೆ ಈ ಪುಟಗಳು ಅವಸರದಲ್ಲಿ ಸೇರಿಸಿದ ಉಪಸಂಹಾರದಂತೆ ತೋರಿದರೆ ಆಶ್ಚರ್ಯವಿಲ್ಲ.

೪

ವಾಸ್ತವವಾಗಿ ಸಂಗತಿ ತಿರುವುಮುರುವಾಗಿದೆ. ಕಾರ್ಡರ ಮನಸ್ಸಿನಲ್ಲಿ ಕಾದಂಬರಿಯಾಗಿ ಮೊದಲು ಬೆಳೆಯುತ್ತಿದ್ದುದು ಎರಡನೆಯ ಪುಸ್ತಕ. ಶವಸಂಸ್ಕಾರದ ವೇಳೆಯಲ್ಲಿ ಸತ್ತವನ ಬಗೆಗೆ ಒಳ್ಳೆಯದನ್ನು ಮಾತ್ರ ಹೇಳುವ ಪದ್ಧತಿ, ಆ ಮನುಷ್ಯನ ನಿಜವಾದ ಬಾಳನ್ನು ಅಳಿಸಿ ಅದರ ಸ್ಥಾನದಲ್ಲಿ ಒಂದು ಬೊಂಬೆಯನ್ನು ನಿಲ್ಲಿಸುತ್ತದೆಂಬ ಅಸಮಾಧಾನದಿಂದ ಅದರ ಕಲ್ಪನೆ ಹುಟ್ಟಿತೆಂದು ಅವರೇ ಬರೆದಿದ್ದಾರೆ. ಸತ್ತವನು ಏನಾಗಬಯಸಿದ್ದ, ಏನು ಮಾಡಿದ, ಏಕೆ ಮಾಡಿದ ಎಂಬುದನ್ನು ಹೊಗಳಿಕೆಯಿಲ್ಲದೆ, ಮುಚ್ಚುಮರೆಯಿಲ್ಲದೆ ಹೇಳುವ ಒಬ್ಬನಿದ್ದರೆ ಹೇಗೆ? ಆ ‘ನುಡಿಯುವವನು’ ಯಾರಾಗಬೇಕೆಂದು ಹುಡುಕುತ್ತಿರುವಾಗ, ತಮ್ಮ ಹಳೆಯ ನೀಳ್ಗತೆಯ ಬಾಲಸೇನಾನಿಯೇ ಬೆಳೆದು ಅವನಾಗಬಹುದೆಂದು ಅವರಿಗೆ ಹೊಳೆಯಿತು. ಆಗ ಹಳೆಯ ಕಥೆಯನ್ನು ಮೊದಲು ಕಾದಂಬರಿಯಾಗಿ ವಿಸ್ತರಿಸುವುದು ಅನಿವಾರ್ಯವಾಯಿತು. ಲೋಕಪ್ರಸಿದ್ಧವಾದ ‘ಎಂಡರ್ಸ್ ಗೇಮ್’ ಕಾದಂಬರಿ ಹೀಗೆ ತನ್ನ ಉತ್ತರಭಾಗಕ್ಕೆ ಪೀಠಿಕೆಯಾಗಿ ಹುಟ್ಟಿತು. ಅವಸರದ ಉಪಸಂಹಾರವೆಂದು ತೋರುವ ಆ ಕೊನೆಯ ಪುಟಗಳೇ ಇಡಿಯ ಯೋಜನೆಯ ಬೀಜ.

ಈ ಅಂಶವನ್ನು ನೆನಪಿನಲ್ಲಿಟ್ಟರೆ, ಉತ್ತರಭಾಗ ತನ್ನ ಪೂರ್ವಭಾಗದ ಶೈಲಿಯನ್ನು ‘ಬಿಟ್ಟಿತು’ ಎಂಬ ಮಾತನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಮೊದಲು ಕಲ್ಪಿತವಾದ ಶೈಲಿ ನಿಧಾನದ್ದು, ವಿಚಾರದ್ದು. ಪೀಠಿಕೆಗೆ ಮಾತ್ರ ಯುದ್ಧದ ವೇಗ ಬೇಕಾಯಿತು.

೫

‘ಸ್ಪೀಕರ್ ಫಾರ್ ದಿ ಡೆಡ್’ ಆರಂಭವಾಗುವ ಹೊತ್ತಿಗೆ ಮೂರು ಸಾವಿರ ವರ್ಷಗಳು ಸಂದಿವೆ. ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುತ್ತಲೇ ಕಳೆದುದರಿಂದ ಎಂಡರನಿಗೆ ಇನ್ನೂ ಮೂವತ್ತೈದರ ಆಸುಪಾಸಿನ ಪ್ರಾಯ. ಲೋಕದ ಮಟ್ಟಿಗೆ ಎಂಡರ್ ಎಂಬ ಹೆಸರು ಮಹಾಪಾತಕಿಯೊಬ್ಬನ ಹೆಸರು; ಇಡಿಯ ಕುಲವೊಂದನ್ನು ಅಳಿಸಿದವನೆಂದು ಜನ ಅದನ್ನು ಶಾಪದಂತೆ ಉಚ್ಚರಿಸುತ್ತಾರೆ. ಅವನನ್ನು ಪಾತಕಿಯನ್ನಾಗಿ ಮಾಡಿದ್ದು ಯಾವುದು? ಸತ್ತ ಕುಲದ ಪರವಾಗಿ ಅವನೇ ಹೆಸರಿಲ್ಲದೆ ಬರೆದ ಆ ಪುಟ್ಟ ಪುಸ್ತಕ. ತನ್ನ ವಿಜಯದ ಕೀರ್ತಿಯನ್ನು ತಾನೇ ಬರೆದು ಅಳಿಸಿಕೊಂಡವನು ಅವನು. ಯುದ್ಧಕಾದಂಬರಿಗಳ ಚರಿತ್ರೆಯಲ್ಲಿ ನಾಯಕನೊಬ್ಬನಿಗೆ ಇದಕ್ಕಿಂತ ವಿಚಿತ್ರವಾದ ಪ್ರತಿಫಲ ದೊರೆತುದನ್ನು ಕಾಣುವುದು ಕಷ್ಟ.

ಕಥೆಯ ರಂಗಸ್ಥಳ ಲುಸಿಟಾನಿಯ ಎಂಬ ಗ್ರಹ. ಅಲ್ಲಿ ನೆಲಸಿರುವವರು ಬ್ರೆಜಿಲಿನ ಮೂಲದ, ಪೋರ್ಚುಗೀಸ್ ನುಡಿಯುವ, ಕ್ಯಾಥೊಲಿಕ್ ಮತದ ಒಂದು ಸಣ್ಣ ಸಮುದಾಯ. ಕಾರ್ಡರು ತರುಣರಾಗಿದ್ದಾಗ, ೧೯೭೦ರ ದಶಕದ ಆರಂಭದಲ್ಲಿ, ತಮ್ಮ ಮಾರ್ಮನ್ ಪಂಥದ ಪ್ರಚಾರಕರಾಗಿ ಬ್ರೆಜಿಲಿನಲ್ಲಿದ್ದವರು. ಆ ನುಡಿಯ ಪರಿಚಯ ಪುಸ್ತಕದ ಪ್ರತಿಯೊಂದು ಪುಟದಲ್ಲಿ ಕಾಣುತ್ತದೆ. ಅದೇ ಗ್ರಹದಲ್ಲಿ ಕಾಡಿನ ಜೀವಿಗಳ ಬೇರೊಂದು ಕುಲವಿದೆ. ಮಾನವರು ಅವರನ್ನು ಹಂದಿಮೊಗದವರೆಂಬ ಅರ್ಥದ ಅಡ್ಡಹೆಸರಿನಿಂದ ಕರೆಯುತ್ತಾರೆ. ಪೋರ್ಚುಗೀಸಿನಲ್ಲಿ ಅವರ ಹೆಸರು ‘ಪೆಕೆನಿನೊ’, ಅಂದರೆ ಪುಟ್ಟವರು. ಹಿಂದಿನ ಮಹಾಪಾತಕ ಮರುಕಳಿಸಬಾರದೆಂದು ಸರಕಾರ ಬೇಲಿ ಹಾಕಿಸಿದೆ. ಸಂಶೋಧಕರು ಮಾತ್ರ ಬೇಲಿಯನ್ನು ದಾಟಬಹುದು. ಅವರೂ ಏನನ್ನೂ ಕಲಿಸಕೂಡದು, ನೇರವಾಗಿ ಏನನ್ನೂ ಕೇಳಕೂಡದು. ಒಂದು ದಿನ ಪೆಕೆನಿನೊಗಳ ಪ್ರೀತಿಗೆ ಪಾತ್ರನಾಗಿದ್ದ ಸಂಶೋಧಕ ಪೀಪೋ ಅವರಿಂದಲೇ ಕ್ರೂರವಾಗಿ ಕೊಲ್ಲಲ್ಪಟ್ಟು ಬಿದ್ದಿರುತ್ತಾನೆ. ಕೆಲವು ವರ್ಷಗಳ ಮೇಲೆ ಅವನ ಮಗ ಲೀಬೋಗೂ ಅದೇ ಗತಿ.

ಈ ಕೊಲೆಗಳ ಕಾರಣವೇ ಕಾದಂಬರಿಯ ಒಗಟು. ಅದನ್ನು ಬಿಡಿಸಲು ಕತ್ತಿ ಕೋವಿಗಳಿಂದ ಪ್ರಯೋಜನವಿಲ್ಲ. ಜೀವಶಾಸ್ತ್ರ ಬೇಕು, ಭಾಷೆ ಬೇಕು, ಒಂದು ಕುಟುಂಬದ ಗುಟ್ಟುಗಳು ಬೇಕು. ಆ ಗ್ರಹದ ಪೆಕೆನಿನೊಗಳಿಗೆ ಸಾವು ಅಂತ್ಯವಲ್ಲ; ವಿಧಿಪೂರ್ವಕವಾಗಿ ಸೀಳಲ್ಪಟ್ಟ ದೇಹದಿಂದ ಮರವೊಂದು ಬೆಳೆಯುತ್ತದೆ, ಆ ಮರವೇ ಅವನ ಮುಂದಿನ, ಹೆಚ್ಚು ಗೌರವದ ಬಾಳು. ಆ ಗೌರವವನ್ನು ಗೆಳೆಯನಿಗೆ ಕೊಡಬೇಕೆಂದು ಅವರು ಮಾನವನನ್ನು ಕೇಳಿದರು. ಕೊಲೆಮಾಡಲು ಒಲ್ಲದ ಮಾನವನು ಹಿಂಜರಿದಾಗ, ಹಾಗಾದರೆ ಆ ಗೌರವ ನಿನಗೇ ಸಲ್ಲಲೆಂದು ಅವನನ್ನೇ ‘ನೆಟ್ಟರು’. ಮಾನವನ ದೇಹದಿಂದ ಮರ ಬೆಳೆಯುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಲು ಬೇಲಿ ಬಿಡಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಧರ್ಮಕ್ಕನುಗುಣವಾಗಿ ಅತ್ಯುತ್ತಮವಾದುದನ್ನೇ ಮಾಡಿದರು. ಫಲವಾದುದು ಸಾವು.

೬

ಎರಡು ಕೃತಿಗಳ ಶೈಲಿಭೇದವನ್ನು ಈಗ ಬಿಡಿಸಿ ನೋಡಬಹುದು. ಮೊದಲನೆಯದರಲ್ಲಿ ಕಥೆಯ ನಡೆಗೆ ಆಧಾರ ಮುಂದಿನ ಕಾಳಗ. ಎರಡನೆಯದರಲ್ಲಿ ಹಿಂದಿನ ಸಾವು. ಅಲ್ಲಿ ಓದುಗನು ಏನಾಗುವುದೋ ಎಂದು ಕಾತರನಾಗುತ್ತಾನೆ, ಇಲ್ಲಿ ಏಕಾಯಿತೋ ಎಂದು. ಅಲ್ಲಿ ಒಬ್ಬ ಹುಡುಗನ ಮನಸ್ಸು. ಇಲ್ಲಿ ನೊವಿನ್ಯಾ ಎಂಬ ವಿಧವೆ, ಅವಳ ಆರು ಜನ ಮಕ್ಕಳು, ಬಿಷಪ್ಪು, ಊರಿನ ಮುಖ್ಯಾಧಿಕಾರಿಣಿ, ಯಂತ್ರಜಾಲದಲ್ಲಿ ಹುಟ್ಟಿದ ಜೇನ್ ಎಂಬ ಚೇತನ, ಕಾಡಿನ ಜೀವಿಗಳು, ಹೀಗೆ ಅನೇಕ ಮನಸ್ಸುಗಳು. ಆ ಆರು ಮಕ್ಕಳಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಗುರುತಿಸಲಾಗುತ್ತಿಲ್ಲವೆಂದು ಕರಡನ್ನು ಓದಿದ ಗೆಳೆಯರೊಬ್ಬರು ಹೇಳಿದ ಮೇಲೆ, ಕಾರ್ಡರು ಒಬ್ಬೊಬ್ಬರಿಗೂ ಬೇರೆಬೇರೆ ಗಾಯವನ್ನೂ ಬೇರೆಬೇರೆ ಸ್ವಭಾವವನ್ನೂ ಕೊಟ್ಟು ತಿದ್ದಿದರು. ವೈಜ್ಞಾನಿಕ ಕಥೆಗಳ ನಾಯಕರು ಸಾಮಾನ್ಯವಾಗಿ ಹಿಂದುಮುಂದಿಲ್ಲದ ಒಂಟಿಗರು. ಮನೆ, ಮಕ್ಕಳು, ಸಾಲ, ಜಗಳಗಳಿರುವ ಪ್ರೌಢರ ಬಾಳು ಅಲ್ಲಿ ಅಪರೂಪ. ಈ ಕೊರತೆಯನ್ನು ತುಂಬುವುದು ತಮ್ಮ ಉದ್ದೇಶವೆಂದು ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ.

ಅಧ್ಯಾಯಾರಂಭದ ರೀತಿಯೂ ಬದಲಾಗಿದೆ. ಮೊದಲ ಪುಸ್ತಕದ ಮುಖವಿಲ್ಲದ ದನಿಗಳ ಜಾಗದಲ್ಲಿ ಇಲ್ಲಿ ಸಂಶೋಧಕರ ಟಿಪ್ಪಣಿಗಳು, ಪತ್ರಗಳು, ವರದಿಗಳು ಬರುತ್ತವೆ. ಅಲ್ಲಿ ಒಬ್ಬ ಹುಡುಗನ ಮೇಲೆ ಕಣ್ಣಿಟ್ಟವರು ಮಾತಾಡಿದರು. ಇಲ್ಲಿ ಒಂದು ಕುಲವನ್ನು ಅರಿಯಲೆಳಸಿ ತಪ್ಪುತ್ತಿರುವವರು ಬರೆಯುತ್ತಾರೆ. ಆ ಟಿಪ್ಪಣಿಗಳಲ್ಲಿಯ ಅನೇಕ ಊಹೆಗಳು ತಪ್ಪೆಂದು ಮುಂದೆ ಗೊತ್ತಾಗುತ್ತದೆ. ಜ್ಞಾನ ಹೇಗೆ ಎಡವುತ್ತ ಸಾಗುತ್ತದೆಂಬುದಕ್ಕೆ ಅವು ದಾಖಲೆಗಳಾಗಿ ನಿಲ್ಲುತ್ತವೆ.

ಭಾಷೆಯ ಪ್ರಶ್ನೆ ಇನ್ನೂ ಗಮನಾರ್ಹ. ಸಮರಶಾಲೆಯ ಹುಡುಗರದು ಒಂದೇ ಬಗೆಯ ಒರಟು ಹಾಸ್ಯದ ನುಡಿ. ಲುಸಿಟಾನಿಯದಲ್ಲಿ ಜನ ಹೊರಗಿನವರೊಡನೆ ನಕ್ಷತ್ರಲೋಕದ ಸಾಮಾನ್ಯಭಾಷೆಯಲ್ಲಿ ಮಾತಾಡಿ, ಮನೆಯಲ್ಲಿ, ಸಿಟ್ಟಿನಲ್ಲಿ, ಪ್ರಾರ್ಥನೆಯಲ್ಲಿ ಪೋರ್ಚುಗೀಸಿಗೆ ಹೊರಳುತ್ತಾರೆ. ಹೊರಗಿನಿಂದ ಬಂದ ಎಂಡರ್ ಆ ನುಡಿಯನ್ನು ಕಲಿತು ಬಂದಿದ್ದಾನೆಂಬ ಸಂಗತಿಯೇ ಕೆಲವು ಕದಗಳನ್ನು ತೆರೆಯುತ್ತದೆ, ಕೆಲವರ ಸಂಶಯವನ್ನು ಹೆಚ್ಚಿಸುತ್ತದೆ. ಬೀದಿಗೊಂದು ನುಡಿ, ಒಲೆಯ ಮುಂದೊಂದು ನುಡಿ ಎಂಬ ಬಾಳು ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗನಿಗೆ ವಿವರಿಸಿ ಹೇಳಬೇಕಾದುದಲ್ಲ. ನಕ್ಷತ್ರಗಳಾಚೆಯ ಕಥೆಯೊಂದರಲ್ಲಿ ತನ್ನ ಮನೆಯ ಜಗಲಿಯ ಮಾತನ್ನು ಕೇಳಿದ ಅನುಭವ ಅವನಿಗೆ ಆದೀತು.

೭

ಕಾದಂಬರಿಯ ತಾತ್ತ್ವಿಕ ತಿರುಳು ‘ಅನ್ಯ’ನನ್ನು ಕುರಿತ ಒಂದು ವರ್ಗೀಕರಣದಲ್ಲಿದೆ. ಎಂಡರನ ಅಕ್ಕ ವ್ಯಾಲೆಂಟೈನ್ ತನ್ನ ಗುಪ್ತನಾಮದಲ್ಲಿ ಅದನ್ನು ರೂಪಿಸಿದಳೆಂದು ಕಥೆ ಹೇಳುತ್ತದೆ; ಹೆಸರುಗಳು ಸ್ಕ್ಯಾಂಡಿನೇವಿಯದ ನುಡಿಯ ಬಣ್ಣದವು. ನಮ್ಮ ಲೋಕದವನೇ ಆದರೂ ಬೇರೆ ಊರಿನವನು, ಬೇರೆ ದೇಶದವನು ಮೊದಲ ವರ್ಗ: ‘ಉಟ್ಲೆನಿಂಗ್’. ಮಾನವನೇ ಆದರೂ ಬೇರೊಂದು ಲೋಕದವನು ಎರಡನೆಯ ವರ್ಗ: ‘ಫ್ರಾಮ್ಲಿಂಗ್’. ಬೇರೊಂದು ಜೀವಕುಲಕ್ಕೆ ಸೇರಿದ್ದರೂ ನಾವು ಮಾನವನೆಂದು ಗುರುತಿಸುವವನು ‘ರಾಮನ್’. ಯಾವುದರೊಡನೆ ಮಾತುಕತೆಯೇ ಸಾಧ್ಯವಿಲ್ಲವೋ ಅಂತಹ ನಿಜವಾದ ಅನ್ಯ, ಎಲ್ಲ ಮೃಗಗಳನ್ನೂ ಒಳಗೊಂಡು, ‘ವರೆಲ್ಸೆ’.

ಈ ಪಟ್ಟಿಯನ್ನು ಮೊದಲ ನೋಟಕ್ಕೆ ಜೀವಿಗಳ ಜಾತಿವಿಭಾಗವೆಂದು ತಿಳಿಯುವುದು ಸುಲಭ. ಕಾದಂಬರಿ ಅದನ್ನು ತಲೆಕೆಳಗು ಮಾಡುತ್ತದೆ. ಒಂದು ಕುಲವನ್ನು ‘ರಾಮನ್’ ಎಂದು ಒಪ್ಪಿಕೊಂಡಾಗ, ಆ ಕುಲ ಯಾವುದೋ ಮೆಟ್ಟಲನ್ನು ಹತ್ತಿತೆಂದು ಅರ್ಥವಲ್ಲ. ಒಪ್ಪಿಕೊಂಡವರು ಹತ್ತಿದರೆಂದು ಅರ್ಥ. ತೀರ್ಪು ಹೇಳುವವನ ಯೋಗ್ಯತೆಯನ್ನೇ ಆ ತೀರ್ಪು ತೂಗುತ್ತದೆ. ಹಿಂದಿನ ಕಾದಂಬರಿಯ ಕೀಟಕುಲವನ್ನು ಮಾನವರು ‘ವರೆಲ್ಸೆ’ ಎಂದು ಬಗೆದು ಅಳಿಸಿದರು. ಅಳಿಸಿದ ಮೇಲೆ ಅವರು ‘ರಾಮನ್’ ಆಗಿದ್ದರೆಂದು ತಿಳಿದರು. ಎರಡನೆಯ ಬಾರಿ ಅದೇ ಪ್ರಶ್ನೆ ಬಾಗಿಲಿಗೆ ಬಂದಾಗ ಏನು ಮಾಡುವರೆಂಬುದೇ ‘ಸ್ಪೀಕರ್ ಫಾರ್ ದಿ ಡೆಡ್’ ಕಾದಂಬರಿಯ ಸಂಕಟ.

ಶೈಲಿ ಬದಲಾಗಲೇಬೇಕಾಗಿದ್ದ ಕಾರಣ ಇಲ್ಲಿ ವಿಶದವಾಗುತ್ತದೆ. ಯುದ್ಧಕಥೆಯ ವೇಗಕ್ಕೆ ಶತ್ರುವಿನ ಅಪರಿಚಿತತೆ ಅವಶ್ಯಕ. ಶತ್ರುವಿಗೆ ಹೆಸರು, ಮನೆ, ಮಕ್ಕಳು, ವಿಧಿನಿಷೇಧಗಳು ಬಂದೊಡನೆ ಬಾಣದ ವೇಗ ಕುಗ್ಗುತ್ತದೆ. ಎಂಡರ್ ಗೆಲ್ಲುವುದು ಶತ್ರುವನ್ನು ಒಳಗಿನಿಂದ ಅರಿಯುವ ಶಕ್ತಿಯಿಂದ. ಹಾಗೆ ಸಂಪೂರ್ಣವಾಗಿ ಅರಿತ ಕ್ಷಣದಲ್ಲಿ ಆ ಶತ್ರುವಿನ ಮೇಲೆ ಪ್ರೀತಿ ಹುಟ್ಟುತ್ತದೆ, ಅದೇ ಕ್ಷಣದಲ್ಲಿ ತಾನು ಅವನನ್ನು ನಾಶಮಾಡುತ್ತೇನೆ ಎಂದು ಅವನು ನೊಂದು ಅಕ್ಕನೊಡನೆ ಹೇಳಿಕೊಳ್ಳುತ್ತಾನೆ. ಮೊದಲ ಕಾದಂಬರಿ ಈ ಅರಿವನ್ನು ಆಯುಧವಾಗಿ ಬಳಸಿತು. ಎರಡನೆಯದು ಅದೇ ಅರಿವನ್ನು ಆಯುಧವಲ್ಲದ ಕೆಲಸಕ್ಕೆ ಹಚ್ಚಬೇಕಾಗಿತ್ತು. ಅದಕ್ಕೆ ನಿಂತು ಕೇಳುವ, ಪ್ರಶ್ನಿಸುವ, ತಪ್ಪನ್ನು ತಿದ್ದಿಕೊಳ್ಳುವ ಗದ್ಯ ಬೇಕು.

ಕಾದಂಬರಿಯ ಎರಡು ಪ್ರಸಂಗಗಳಲ್ಲಿ ಈ ಗದ್ಯದ ಸಾರ್ಥಕತೆ ಕಾಣುತ್ತದೆ. ಒಂದು, ನೊವಿನ್ಯಾಳ ಮೃತಪತಿ ಮಾರ್ಕಾವೊನನ್ನು ಕುರಿತು ಎಂಡರ್ ಊರವರ ಮುಂದೆ ನುಡಿಯುವುದು. ಹೆಂಡತಿಯನ್ನು ಹೊಡೆಯುತ್ತಿದ್ದ ಆ ಕುಡುಕನನ್ನು ಪ್ರೀತಿಸಿದವರಿಲ್ಲ. ಎಂಡರ್ ಅವನ ತಪ್ಪನ್ನು ಮುಚ್ಚುವುದಿಲ್ಲ. ಹುಡುಗನಾಗಿದ್ದಾಗ ಊರು ಅವನನ್ನು ಹಿಂಸಿಸಿದ್ದನ್ನೂ, ತನ್ನ ಮನೆಯಲ್ಲಿ ಬೆಳೆದ ಮಕ್ಕಳು ತನ್ನವರಲ್ಲವೆಂದು ತಿಳಿದಿದ್ದೂ ಅವನು ಬಾಳಿದ್ದನ್ನೂ ಹೊರಗಿಡುತ್ತಾನೆ. ಸತ್ಯ ಒಂದು ಸಂಸಾರವನ್ನು ಕತ್ತರಿಸುತ್ತದೆ, ಆಮೇಲೆ ಅದರ ಗಾಯಗಳನ್ನು ಮಾಯಿಸತೊಡಗುತ್ತದೆ. ಇನ್ನೊಂದು, ಪೆಕೆನಿನೊಗಳೊಡನೆ ಒಪ್ಪಂದವಾದ ಮೇಲೆ ‘ಹ್ಯೂಮನ್’ ಎಂಬ ಹೆಸರಿನ ಪೆಕೆನಿನೊ ಎಂಡರನಿಂದಲೇ ಆ ಮರವಾಗುವ ಗೌರವವನ್ನು ಬೇಡುವುದು. ತಿಳಿಯದೆ ಒಂದು ಕುಲವನ್ನು ಕೊಂದವನು ಈಗ ತಿಳಿದು, ಪ್ರೀತಿಯಿಂದ, ತನ್ನ ಕೈಯಾರೆ ಒಬ್ಬನನ್ನು ಸೀಳಬೇಕಾಗಿದೆ. ಮೊದಲ ಪುಸ್ತಕದ ಕೊಲೆಯೊಂದು ಗುಂಡಿಯನ್ನೊತ್ತಿದಷ್ಟು ಸುಲಭವಾಗಿತ್ತು. ಇಲ್ಲಿಯದು ರಕ್ತದಿಂದ ತೊಯ್ದುದು, ಕಣ್ಣೀರಿನದು, ಆದರೆ ಕೊಲೆಯಲ್ಲ.

ಕನ್ನಡ ವಾಚಕನಿಗೆ ಇಲ್ಲಿ ರನ್ನನ ‘ಗದಾಯುದ್ಧ’ ನೆನಪಾಗದಿರದು. ಭೀಮನ ವಿಜಯವನ್ನು ಹಾಡಲು ಹೊರಟ ಕವಿ, ರಣರಂಗದಲ್ಲಿ ಹೆಣಗಳ ನಡುವೆ ನಡೆದು ಕರ್ಣನಿಗೂ ದುಶ್ಶಾಸನನಿಗೂ ಮಾತ್ರವಲ್ಲದೆ ಶತ್ರುವಿನ ಮಗ ಅಭಿಮನ್ಯುವಿಗೂ ಮರುಗುವ ದುರ್ಯೋಧನನನ್ನು ಚಿತ್ರಿಸಿದನು. ಗೆದ್ದವನ ಕಥೆಯೊಳಗೇ ಸೋತವನ ಕಣ್ಣನ್ನು ತೆರೆದಿಡುವ ಧೈರ್ಯ ರನ್ನನದು.

೮

ಆಕ್ಷೇಪಗಳಿಲ್ಲವೆಂದಲ್ಲ. ೨೦೦೪ರಲ್ಲಿ ಜಾನ್ ಕೆಸೆಲ್ ಎಂಬ ಲೇಖಕ-ವಿಮರ್ಶಕರು ಮೊದಲ ಕಾದಂಬರಿಯ ನೈತಿಕ ಚೌಕಟ್ಟನ್ನೇ ಪ್ರಶ್ನಿಸಿದರು. ಎಂಡರ್ ಕೊಲ್ಲುತ್ತಾನೆ, ಆದರೆ ಉದ್ದೇಶವಿಲ್ಲದೆ, ಉದ್ದೇಶವಿಲ್ಲದುದರಿಂದ ನಿರ್ದೋಷಿ, ಕೊಂದುದಕ್ಕಾಗಿ ದುಃಖಿಸುವವನೂ ಅವನೇ ಆದುದರಿಂದ ಓದುಗನ ಮರುಕವೂ ಅವನಿಗೇ. ಸತ್ತವರ ಪಾಲಿಗೆ ಉಳಿಯುವುದೇನು? ಈ ಪ್ರಶ್ನೆ ತಳ್ಳಿಹಾಕುವಂತಹುದಲ್ಲ. ಉತ್ತರಭಾಗದಲ್ಲಿ ಎಂಡರ್ ಸಂತನಂತೆ ತೋರುವುದೂ, ಬಂದ ಕೆಲವೇ ದಿನಗಳಲ್ಲಿ ಒಡೆದ ಮನೆಯೊಂದನ್ನು ಕೂಡಿಸಿಬಿಡುವುದೂ ಈ ಅನುಮಾನಕ್ಕೆ ಎಡೆಕೊಡುತ್ತವೆ. ಆದರೂ ಸತ್ತವರ ಪಾಲಿಗೆ ಏನು ಉಳಿಯುವುದೆಂಬ ಪ್ರಶ್ನೆಗೆ ಉತ್ತರಕೊಡಲು ಹೊರಟದ್ದೇ ಎರಡನೆಯ ಪುಸ್ತಕ. ಅದನ್ನು ಓದದೆ ಮೊದಲನೆಯದನ್ನು ಮಾತ್ರ ಮೆಚ್ಚುವವನು ಅರ್ಧ ವಾಕ್ಯವನ್ನು ಓದಿ ಪುಸ್ತಕವನ್ನು ಮುಚ್ಚಿದವನು. ‘ಎಂಡರ್ಸ್ ಗೇಮ್’ ಅಮೆರಿಕದ ನೌಕಾಸೈನಿಕದಳದ ಓದುಪಟ್ಟಿಯಲ್ಲಿ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಸೈನ್ಯಕ್ಕೆ ಬೇಕಾದುದು ನಾಯಕತ್ವದ ಪಾಠ, ಕಾದಂಬರಿಯ ಕೊನೆಯ ಪುಟಗಳ ಪಾಠ ಬೇರೆ.

ಲೇಖಕರ ಜೀವನವೂ ಈ ವಿಚಾರಕ್ಕೆ ತೊಡಕನ್ನು ತಂದಿತು. ಅನ್ಯರನ್ನು ಅವರ ಕಣ್ಣಿನಿಂದಲೇ ನೋಡಬೇಕೆಂದು ಹೇಳಿದ ಕಾರ್ಡರು ಸಲಿಂಗಿಗಳ ವಿವಾಹದ ಹಕ್ಕನ್ನು ಬಹಿರಂಗವಾಗಿ ವಿರೋಧಿಸಿ ಬರೆದರು. ೨೦೧೩ರಲ್ಲಿ ಮೊದಲ ಕಾದಂಬರಿ ಚಲಚ್ಚಿತ್ರವಾಗಿ ಬಂದಾಗ ಅದನ್ನು ಬಹಿಷ್ಕರಿಸಬೇಕೆಂಬ ಕೂಗೆದ್ದಿತು. ಅವರ ಪುಸ್ತಕದಿಂದಲೇ ಸಹಾನುಭೂತಿಯನ್ನು ಕಲಿತೆವೆಂದ ಓದುಗರು ಅವರ ಮಾತಿನಿಂದ ನೊಂದರು. ಕೃತಿ ತನ್ನ ಕರ್ತೃವಿಗಿಂತ ಒಂದು ಮೆಟ್ಟಲು ಮೇಲೆ ನಿಲ್ಲುವ ಪ್ರಸಂಗಗಳು ಸಾಹಿತ್ಯದಲ್ಲಿ ಹೊಸವಲ್ಲ. ಅಂತಹ ವೇಳೆಯಲ್ಲಿ ಕೃತಿಯ ಮಾನದಂಡದಿಂದ ಕರ್ತೃವನ್ನೂ ಅಳೆಯುವುದಕ್ಕೆ ಓದುಗನಿಗೆ ಅಧಿಕಾರವಿದೆ.

೯

ಶೈಲಿಯನ್ನು ಬದಲಿಸಿದ ಮಾತ್ರಕ್ಕೆ ಉತ್ತರಭಾಗ ಉತ್ತಮವಾಗುತ್ತದೆಂಬ ನಿಯಮವಿಲ್ಲ. ಹಾಲ್ಡಮನ್ನರು ‘ದಿ ಫಾರೆವರ್ ವಾರ್’ ಕಾದಂಬರಿಯ ನೇರ ಮುಂದುವರಿಕೆಯನ್ನು ‘ಫಾರೆವರ್ ಫ್ರೀ’ ಎಂದು ೧೯೯೯ರಲ್ಲಿ ಬರೆದರು. ಅದು ಯುದ್ಧವನ್ನು ಬಿಟ್ಟು ಹಳೆಯ ಸೈನಿಕರ ಸಂಸಾರವನ್ನು ಹಿಡಿಯಿತು. ಕೊನೆಗೆ ಸೃಷ್ಟಿಕರ್ತನ ಪ್ರಶ್ನೆಗೆ ಹಠಾತ್ತಾಗಿ ನೆಗೆಯಿತು. ಆ ನೆಗೆತಕ್ಕೆ ಹಿಂದಿನ ಕಥೆಯಲ್ಲಿ ಬೀಜವಿರಲಿಲ್ಲವಾಗಿ ಅನೇಕ ವಾಚಕರು ಅದನ್ನು ಒಪ್ಪಲಿಲ್ಲ. ಕಾರ್ಡರ ಮುಂದಿನ ಭಾಗಗಳಾದ ‘ಕ್ಸೀನೋಸೈಡ್’ (೧೯೯೧), ‘ಚಿಲ್ಡ್ರನ್ ಆಫ್ ದಿ ಮೈಂಡ್’ (೧೯೯೬) ಎಂಬುವುಗಳಲ್ಲಿಯೂ ಚರ್ಚೆ ಕಥೆಯನ್ನು ಮೀರಿ ಬೆಳೆಯಿತೆಂದು ಹೇಳಬೇಕಾಗುತ್ತದೆ. ೧೯೯೯ರ ‘ಎಂಡರ್ಸ್ ಷ್ಯಾಡೊ’ದಲ್ಲಿ ಅವರು ಸಮರಶಾಲೆಗೇ ಮರಳಿ, ಅದೇ ಘಟನೆಗಳನ್ನು ಬೀನ್ ಎಂಬ ಇನ್ನೊಬ್ಬ ಹುಡುಗನ ಕಣ್ಣಿನಿಂದ ಹೇಳಿದರು. ಓದುಗರ ಋಣವನ್ನು ಆಗ ತೀರಿಸಿದರೆನ್ನಬಹುದು.

ಕಥೆಯ ಋಣ ಅದಕ್ಕೆ ಹದಿಮೂರು ವರ್ಷ ಮೊದಲೇ ತೀರಿತ್ತು. ‘ಎಂಡರ್ಸ್ ಗೇಮ್’ ಹ್ಯೂಗೋ, ನೆಬ್ಯುಲಾ ಎರಡೂ ಬಹುಮಾನಗಳನ್ನು ಪಡೆದ ಮರುವರ್ಷವೇ ‘ಸ್ಪೀಕರ್ ಫಾರ್ ದಿ ಡೆಡ್’ ಅವೆರಡನ್ನೂ ಪಡೆಯಿತು. ಒಬ್ಬನೇ ಲೇಖಕನ ಕಾದಂಬರಿಗಳಿಗೆ ಹೀಗೆ ಒಂದರ ಹಿಂದೊಂದು ವರ್ಷ ಎರಡೂ ಬಹುಮಾನಗಳು ಸಂದದ್ದು ಅದೇ ಮೊದಲು. ಬಾಣದ ವೇಗವನ್ನು ಮೆಚ್ಚಿದವರಲ್ಲಿಯೇ ಅನೇಕರು ನಿಂತು ಕೇಳುವ ಗದ್ಯವನ್ನೂ ಮೆಚ್ಚಿದರೆಂಬುದಕ್ಕೆ ಅದು ಸಾಕ್ಷಿ. ಆದರೂ ಇಂದಿಗೂ ಮೊದಲನೆಯದನ್ನು ಓದಿದವರ ಸಂಖ್ಯೆಯೇ ದೊಡ್ಡದು. ಎಂಡರನ ಹೆಸರನ್ನು ಬಲ್ಲ ಬಹುಮಂದಿಗೆ ಅವನು ಇನ್ನೂ ಗೆದ್ದ ಹುಡುಗನೇ. ಅವನು ತನ್ನ ಹೆಸರನ್ನು ಹಾಕದೆ ಬರೆದ ಪುಟ್ಟ ಪುಸ್ತಕವೂ, ಅದರಿಂದ ಹುಟ್ಟಿದ ದೊಡ್ಡ ಪುಸ್ತಕವೂ ತಮ್ಮ ಓದುಗನಿಗಾಗಿ ಕಾದಿವೆ.